ಸೊಲ್ಲಾಪುರ ಮಾರುಕಟ್ಟೆಗೆ ಮಾಲು ಒಯ್ಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಕ್ಕಲಕೋಟೆ ತಾಲ್ಲೂಕಿನವನು. ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ, ಕಮಿಷನ್ ಮೇಲೆ ರೈತರ ಮಾಲು ಮಾರಿಸುವ ಅಡತಿ ಅಂಗಡಿಯೊಂದರಲ್ಲಿ, ಹದಿನಾರು ವರ್ಷ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಬರೆದೆ. ಆ ಕೆಲಸವನ್ನು ನಾನು ಬಿಟ್ಟರೂ ಊರಿನವರು ನನ್ನನ್ನು ಬಿಟ್ಟಿಲ್ಲ. ರಾತ್ರಿ ಟೆಂಪೊ ತುಂಬುವಾಗ ಒಂದು ಫೋನ್ ಬರುತ್ತದೆ, ಮರುದಿನ ಪಟ್ಟಿ ಕೈಗೆ ಬಂದಾಗ ಇನ್ನೊಂದು. ಮೊದಲನೆಯದರಲ್ಲಿ ಆಸೆ, ಎರಡನೆಯದರಲ್ಲಿ ಸಿಟ್ಟು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆ, ಜತ್ತ, ಗಡಿಯಾಚೆ ಕರ್ನಾಟಕದ ಇಂಡಿ, ಚಡಚಣ, ಆಳಂದದ ಕನ್ನಡಿಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಒಮ್ಮೆ ಬರೆದಿಟ್ಟಿದ್ದೇನೆ.

ಮಾರುಕಟ್ಟೆ ಇರುವುದೆಲ್ಲಿ?

ಹೈದರಾಬಾದ್ ರಸ್ತೆಯಲ್ಲಿ. ಹೆಸರು ಶ್ರೀ ಸಿದ್ಧೇಶ್ವರ ಕೃಷಿ ಉತ್ಪನ್ನ ಬಾಜಾರ ಸಮಿತಿ. ಸೊನ್ನಲಿಗೆಯ ಸಿದ್ಧರಾಮನ ಹೆಸರೇ ಅದು. ಕೆರೆ ಕಟ್ಟಿಸಿದ ಶರಣನ ಹೆಸರಿನಲ್ಲಿ ಬರಗಾಲದ ಜಿಲ್ಲೆಯ ಪೇಟೆ ನಡೆಯುತ್ತಿರುವುದು ನನಗಂತೂ ಸರಿಯಾಗಿಯೇ ಕಾಣುತ್ತದೆ.

ಉಳ್ಳಾಗಡ್ಡಿ ಯಾವ ತಿಂಗಳಲ್ಲಿ ಅಗ್ಗ, ಯಾವ ತಿಂಗಳಲ್ಲಿ ತುಟ್ಟಿ?

ಹತ್ತರಲ್ಲಿ ಆರು ಫೋನ್ ಇದಕ್ಕೇ ಬರುತ್ತವೆ. ಉಳ್ಳಾಗಡ್ಡಿಯಲ್ಲಿ ಮೂರು ಫಸಲು. ಮುಂಗಾರಿನದು ಜೂನ್‌-ಜುಲೈನಲ್ಲಿ ಬಿದ್ದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬರುತ್ತದೆ. ಅದರ ಬೆನ್ನಿಗೆ ತಡ ಮುಂಗಾರಿನದು ಬರುತ್ತದೆ. ಮರಾಠಿಯವರು ಇದಕ್ಕೆ ರಾಂಗಡಾ ಎನ್ನುತ್ತಾರೆ. ಅದು ಜನವರಿಯಿಂದ ಮಾರ್ಚ್‌ವರೆಗೆ. ಹಿಂಗಾರಿನ, ಬೇಸಿಗೆಯ ಗಡ್ಡೆ ಏಪ್ರಿಲ್‌-ಮೇನಲ್ಲಿ ಕೀಳುವಂಥದು. ಚಾಳಿನಲ್ಲಿ, ಅಂದರೆ ಗಡ್ಡೆ ತುಂಬಿಡುವ ಗಾಳಿಯಾಡುವ ಕೊಟ್ಟಿಗೆಯಲ್ಲಿ, ನಾಲ್ಕೈದು ತಿಂಗಳು ತಡೆಯುವುದು ಇದೊಂದೇ. ಮೊದಲ ಎರಡು ಕೆಂಪಾಗಿ ನೋಡಲು ಚಂದ, ಆದರೆ ಒಳಗೆ ನೀರು. ಕಿತ್ತ ಮೇಲೆ ಮಾರದೆ ಗತಿಯಿಲ್ಲ.

ನಮ್ಮ ಭಾಗದಲ್ಲಿ ಬೆಳೆಯುವುದು ಬಹುಪಾಲು ಈ ಮೊದಲ ಎರಡನ್ನೇ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಸೊಲ್ಲಾಪುರಕ್ಕೆ ದಿನಕ್ಕೆ ನೂರಾರು ಲಾರಿ ಬರುತ್ತವೆ. ಜಿಲ್ಲೆಯದಲ್ಲದೆ ಧಾರಾಶಿವ, ಅಹಿಲ್ಯಾನಗರ, ವಿಜಯಪುರ, ಕಲಬುರಗಿಯ ಮಾಲೂ ಇಲ್ಲಿಗೇ ಬರುತ್ತದೆ. ಜಾಗ ಸಾಲದೆ ಒಂದೆರಡು ದಿನ ಲಿಲಾವು (ಹರಾಜು) ನಿಲ್ಲಿಸುವುದೂ ಉಂಟು. ಬೆಲೆ ಏರುವುದು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ದೀಪಾವಳಿಯ ಆಸುಪಾಸಿನವರೆಗೆ. ಚಾಳಿನ ಹಳೆಯ ಗಡ್ಡೆ ಮುಗಿಯುತ್ತ ಬಂದಿದ್ದು ಹೊಸದು ಇನ್ನೂ ಹೊಲದಲ್ಲಿರುವ ಸಂದು ಅದು. ಸೆಪ್ಟೆಂಬರ್‌ನಲ್ಲಿ ಮಳೆ ಹೆಚ್ಚಾಗಿ ಹೊಸ ಗಡ್ಡೆ ಕೊಳೆತರೆ ಆ ಸಂದು ಇನ್ನೂ ಅಗಲವಾಗುತ್ತದೆ. ಬೇಗ ಬಿತ್ತಿ ಅಕ್ಟೋಬರ್ ಮೊದಲ ವಾರಕ್ಕೆ ಮಾಲು ತಂದವರು ಕೆಲವು ವರ್ಷ ಚಿನ್ನ ಮಾಡಿಕೊಂಡಿದ್ದಾರೆ, ಕೆಲವು ವರ್ಷ ಕೊಳೆತ ಗಡ್ಡೆಯನ್ನು ಹೊಲದಲ್ಲಿಯೇ ಬಿಟ್ಟಿದ್ದಾರೆ. ಅದು ಜೂಜು, ಆಡುವವರು ಜೂಜೆಂದು ತಿಳಿದೇ ಆಡಲಿ.

ಪೇಪರಿನಲ್ಲಿ ನಾಲ್ಕು ಸಾವಿರ ಎಂದು ಬರೆದಿದ್ದರು, ನನಗೆ ಹನ್ನೆರಡು ನೂರು ಸಿಕ್ಕಿತು. ಮೋಸವಾಯಿತೇ?

ಆಗಿರಬಹುದು. ಆದರೆ ಬಹಳ ಸಲ ಆಗಿರುವುದಿಲ್ಲ. ಧಾರಣೆ ಹಲಗೆಯಲ್ಲಿ ಮೂರು ಅಂಕಿ ಇರುತ್ತವೆ: ಕನಿಷ್ಠ, ಗರಿಷ್ಠ, ಸರ್ವಸಾಧಾರಣ. ಪೇಪರಿನ ತಲೆಬರಹಕ್ಕೆ ಹೋಗುವುದು ಗರಿಷ್ಠ. ಇಡೀ ದಿನದ ರಾಶಿಯಲ್ಲಿ ಎಲ್ಲೋ ಹತ್ತಿಪ್ಪತ್ತು ಚೀಲಕ್ಕೆ ಬಿದ್ದ ಬೆಲೆ ಅದು. ನೀವು ನೋಡಬೇಕಾದದ್ದು ಸರ್ವಸಾಧಾರಣ ದರವನ್ನು. ಅದು ಕೂಡಿ ಭಾಗಿಸಿದ ಸರಾಸರಿಯಲ್ಲ, ಅತಿ ಹೆಚ್ಚು ಮಾಲು ಕೈ ಬದಲಾದ ಬೆಲೆ. ನಿಮ್ಮ ಮಾಲು ಸಾಧಾರಣದ್ದಾದರೆ ನಿಮಗೆ ಸಿಗುವುದು ಅದರ ಆಸುಪಾಸೇ.

ಒಂದೇ ಹೊಲದ ಗಡ್ಡೆಗೆ ಮೂರು ಬೆಲೆ ಏಕೆ ಎಂಬುದು ಲಿಲಾವಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಸಾಲಾಗಿ ಇಟ್ಟ ಚೀಲಗಳಲ್ಲಿ ಒಂದನ್ನು ಬಾಯಿ ಬಿಚ್ಚಿ ನೆಲಕ್ಕೆ ಸುರಿಯುತ್ತಾರೆ. ಖರೀದಿದಾರ ಬಗ್ಗಿ ಒಂದು ಗಡ್ಡೆ ಎತ್ತಿಕೊಂಡು ಹೆಬ್ಬೆರಳಿನಿಂದ ಅದರ ಕುತ್ತಿಗೆ ಒತ್ತುತ್ತಾನೆ. ಒತ್ತಿದ ಕಡೆ ಮೆತ್ತಗಾದರೆ ಮುಖ ಬೇರೆ ಕಡೆ ತಿರುಗುತ್ತದೆ. ಮೇಲಿನ ಸಿಪ್ಪೆ ಉಜ್ಜಿ ನೋಡುತ್ತಾನೆ. ಕಪ್ಪು ಪುಡಿ ಬೆರಳಿಗೆ ಹತ್ತಿದರೆ ಬೆಲೆ ಅಲ್ಲೇ ಇಳಿಯಿತು. ಜೋಡುಗಡ್ಡೆ, ಗೋಲಿ ಗಾತ್ರದ್ದು, ಹಸಿರು ಕಾಣುವಂಥದ್ದು ಎಷ್ಟಿವೆ ಎಂದು ಕಾಲಿನಿಂದ ಹರಡಿ ಲೆಕ್ಕ ಹಾಕುತ್ತಾನೆ. ಇದೆಲ್ಲ ಅರ್ಧ ನಿಮಿಷದ ಕೆಲಸ. ನಿಮ್ಮ ನಾಲ್ಕು ತಿಂಗಳ ದುಡಿಮೆಯ ಬೆಲೆ ಆ ಅರ್ಧ ನಿಮಿಷದಲ್ಲಿ ನಿಂತುಬಿಡುತ್ತದೆ.

ಹಾಗಾಗಿ ಮನೆಯಲ್ಲಿಯೇ ಆರಿಸಿ. ಕಿತ್ತ ಮೇಲೆ ಮೂರು ನಾಲ್ಕು ದಿನ ಒಣಗಲು ಬಿಡಿ, ಕುತ್ತಿಗೆಯನ್ನು ಒಂದಂಗುಲ ಬಿಟ್ಟು ಕೊಯ್ಯಿರಿ. ದೊಡ್ಡದು, ಮಧ್ಯಮ, ಸಣ್ಣದು ಎಂದು ಬೇರೆ ಬೇರೆ ಚೀಲಕ್ಕೆ ತುಂಬಿರಿ. ಮೇಲೆ ದೊಡ್ಡದಿಟ್ಟು ಒಳಗೆ ಗೋಲಿ ಸೇರಿಸುವ ಜಾಣತನ ಎಲ್ಲರಿಗೂ ಗೊತ್ತಿರುವ ಜಾಣತನ. ಆ ಒಂದು ಚೀಲದಿಂದಾಗಿ ಇಡೀ ಸಾಲಿಗೆ ಗೋಲಿಯ ಬೆಲೆ ಬೀಳುತ್ತದೆ.

ಪಟ್ಟಿ ಮರಾಠಿಯಲ್ಲಿದೆ. ಓದುವುದು ಹೇಗೆ?

ನಾಲ್ಕೈದು ಪದ ತಿಳಿದರೆ ಸಾಕು. ವಜನ ಎಂದರೆ ತೂಕ. ದರ ದರವೇ. ಹಮಾಲಿ ಎಂದರೆ ಇಳಿಸಿದ ಕೂಲಿ. ತೋಲಾಯಿ ಎಂದರೆ ತೂಗಿದ ಕೂಲಿ. ಮೋಟಾರ್ ಭಾಡೆ ಗಾಡಿ ಬಾಡಿಗೆ. ಉಚಲ ಎಂದಿದ್ದರೆ ಕಣ್ಣು ತೆರೆದು ನೋಡಿ, ಅದು ನೀವು ಮೊದಲೇ ಅಂಗಡಿಯಿಂದ ಎತ್ತಿದ ಮುಂಗಡ. ಕೊನೆಯಲ್ಲಿ ನಿವ್ವಳ, ಆ ಪದ ನಮ್ಮದೂ ಹೌದು.

ತಿಳಿಯಲೆಂದು ಒಂದು ಲೆಕ್ಕ ಹಾಕುತ್ತೇನೆ, ಅಂಕಿಗಳು ಉದಾಹರಣೆಗೆ ಮಾತ್ರ. ಹತ್ತು ಕ್ವಿಂಟಲ್ ಒಯ್ದಿದ್ದೀರಿ. ಆರು ಕ್ವಿಂಟಲ್ 1,800ಕ್ಕೆ, ಮೂರು 1,200ಕ್ಕೆ, ಒಂದು 500ಕ್ಕೆ ಹೋಯಿತು. ಕೂಡಿದರೆ 14,900. ಗಾಡಿಗೆ 1,500, ಹಮಾಲಿ ತೋಲಾಯಿಗೆ 400 ಹೋದರೆ ಉಳಿದದ್ದು 13,000. ಅಂದರೆ ಕ್ವಿಂಟಲಿಗೆ 1,300. ಊರಿಗೆ ಹೋಗಿ ಕಟ್ಟೆಯ ಮೇಲೆ ಕುಳಿತು ನೀವು ಹೇಳುವುದು ಮಾತ್ರ "ಹದಿನೆಂಟು ನೂರು ಸಿಕ್ಕಿತು" ಎಂದು! ಅದನ್ನು ಕೇಳಿ ಪಕ್ಕದವನು ಮರುದಿನ ಟೆಂಪೊ ತುಂಬುತ್ತಾನೆ. ಚೀಲ ಹೊಲಿಸಿದ್ದು, ಆರಿಸಿದ ಹೆಂಗಸರ ಕೂಲಿ, ನಿಮ್ಮ ಊಟ ಚಹಾ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ.

ಅಡತಿ ಕಮಿಷನ್ ಯಾರು ಕೊಡಬೇಕು?

ಹಣ್ಣು, ತರಕಾರಿ, ಉಳ್ಳಾಗಡ್ಡಿಗೆ ಖರೀದಿದಾರ. ಮಹಾರಾಷ್ಟ್ರದಲ್ಲಿ 2016ರಿಂದ ರೈತನ ಪಟ್ಟಿಯಲ್ಲಿ ಅಡತಿ ಹಿಡಿಯುವಂತಿಲ್ಲ. ಬೇರೆ ಹೆಸರಿನಲ್ಲಿ ಹಿಡಿದಿದ್ದರೆ ಪಟ್ಟಿ ಹರಿದು ಹಾಕಬೇಡಿ, ಸಮಿತಿಯ ಕಚೇರಿಗೆ ಒಯ್ಯಿರಿ. ಮಾರಾಟದ ಬೆನ್ನಿಗೇ ಹಣ ಕೊಡಬೇಕೆಂಬುದೂ ನಿಯಮ. ಮುಂದಿನ ತಾರೀಖಿನ ಚೆಕ್ಕನ್ನು "ಇರಲಿ ಬಿಡಿ" ಎಂದು ಜೇಬಿಗೆ ಹಾಕಿಕೊಳ್ಳುವುದು ನಮ್ಮವರ ಹಳೆಯ ಚಾಳಿ.

ಐದು ಕ್ವಿಂಟಲ್ ಉಳ್ಳಾಗಡ್ಡಿಗೆ ಎರಡು ರೂಪಾಯಿ ಚೆಕ್ ಕೊಟ್ಟರು ಎನ್ನುತ್ತಾರೆ. ನಿಜವೇ?

ನಿಜ. 2023ರ ಫೆಬ್ರುವರಿಯಲ್ಲಿ ಬಾರ್ಶಿ ತಾಲ್ಲೂಕಿನ ರೈತರೊಬ್ಬರು ಸೊಲ್ಲಾಪುರಕ್ಕೆ 512 ಕಿಲೋ ತಂದರು. ಕಿಲೋಗೆ ಒಂದು ರೂಪಾಯಿ ಬಿತ್ತು. ಬಾಡಿಗೆ, ಹಮಾಲಿ, ತೂಕದ ಖರ್ಚು ಕಳೆದು ಉಳಿದದ್ದು ಎರಡೂವರೆ ರೂಪಾಯಿಯ ಒಳಗೆ. ಕೈಗೆ ಬಂದದ್ದು ಎರಡು ರೂಪಾಯಿಯ ಚೆಕ್, ಅದೂ ಮುಂದಿನ ತಾರೀಖಿನದು. ದೇಶವೆಲ್ಲ ಆ ಚೆಕ್ಕಿನ ಚಿತ್ರ ನೋಡಿತು. ಆಮೇಲೆ ಸರ್ಕಾರ ಆ ಫೆಬ್ರುವರಿ, ಮಾರ್ಚ್‌ನಲ್ಲಿ ಮಾರಿದವರಿಗೆ ಕ್ವಿಂಟಲಿಗೆ 350 ರೂಪಾಯಿಯಂತೆ 200 ಕ್ವಿಂಟಲ್‌ವರೆಗೆ ಅನುದಾನ ಕೊಟ್ಟಿತು. ಆಗ ತೊಡಕಾದದ್ದು ಸಾತಬಾರಾ ಉತಾರೆಯಲ್ಲಿ (ಜಮೀನಿನ ಪಹಣಿಯಲ್ಲಿ) ಉಳ್ಳಾಗಡ್ಡಿಯ ದಾಖಲೆ ಇಲ್ಲದವರಿಗೆ. ಮೊಬೈಲಿನಲ್ಲಿ ಇ-ಪೀಕ್ ಪಾಹಣಿ (ಬೆಳೆಯ ದಾಖಲೆ) ತುಂಬುವುದು ಬೇಸರದ ಕೆಲಸವೇ. ಆದರೆ ಬಿತ್ತಿದ ಬೆಳೆಯನ್ನು ತುಂಬಿಟ್ಟಿರಿ, ಮಾರಿದ ಪಟ್ಟಿಯನ್ನು ಕನಿಷ್ಠ ಎರಡು ವರ್ಷ ಟ್ರಂಕಿನಲ್ಲಿಡಿ.

ರಾತ್ರೋರಾತ್ರಿ ಬೆಲೆ ಬೀಳುವುದೇಕೆ?

ದಿಲ್ಲಿಯನ್ನು ನೋಡಿ. 2023ರ ಆಗಸ್ಟ್‌ನಲ್ಲಿ ಉಳ್ಳಾಗಡ್ಡಿ ರಫ್ತಿಗೆ ನೂರಕ್ಕೆ 40 ಸುಂಕ ಬಿತ್ತು. ಡಿಸೆಂಬರ್ 8ಕ್ಕೆ ರಫ್ತೇ ನಿಂತಿತು, ಸರಿಯಾಗಿ ನಮ್ಮ ಮುಂಗಾರು ಗಡ್ಡೆ ಪೇಟೆಗೆ ನುಗ್ಗುವ ಹೊತ್ತಿಗೆ. ತೆರೆದದ್ದು 2024ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ನಮ್ಮವರು ಕಿತ್ತು ಮಾರಿ ಜೋಳದ ರಾಶಿಯನ್ನೂ ಮುಗಿಸಿದ್ದರು. ಉಳಿದ ಸುಂಕ ಹೋದದ್ದು 2025ರ ಏಪ್ರಿಲ್ 1ರಿಂದ. ಚಾಳು ಇದ್ದವರು ಕಾಯಬಹುದು, ನೀರುಗಡ್ಡೆಯವರಿಗೆ ಕಾಯುವ ಭಾಗ್ಯವಿಲ್ಲ.

ಮೆಂತ್ಯೆ, ಕೊತ್ತಂಬರಿ, ಪಾಲಕ್‌ಗೆ ಲೆಕ್ಕ ಹೇಗೆ?

ನೂರು ಸಿವುಡಿನ ಲೆಕ್ಕ, ಮರಾಠಿಯಲ್ಲಿ ಶೇಕಡಾ. ತೂಕವಿಲ್ಲ. ಆದ್ದರಿಂದ ಸಿವುಡಿನ ಗಾತ್ರವೇ ವ್ಯಾಪಾರ. ವ್ಯಾಪಾರವೂ ಬೆಳಕು ಹರಿಯುವ ಮೊದಲೇ ಮುಗಿಯುತ್ತ ಬಂದಿರುತ್ತದೆ. ಏಳು ಗಂಟೆಗೆ ಬಂದ ಕೊತ್ತಂಬರಿ ಅರ್ಧ ಬೆಲೆಯ ಕೊತ್ತಂಬರಿ.

ಚಳಿಗಾಲದಲ್ಲಿ ಸೊಪ್ಪು ಅಗ್ಗ, ಡಿಸೆಂಬರ್‌-ಜನವರಿಯಲ್ಲಿ ಮೆಂತ್ಯೆಯನ್ನು ಕೇಳುವವರಿರುವುದಿಲ್ಲ. ಏಪ್ರಿಲ್‌-ಮೇನಲ್ಲಿ ಬಾವಿ ಒಣಗಿದಾಗ, ಮತ್ತೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ ಹಿಡಿದಾಗ ತುಟ್ಟಿ. ಬೇಸಿಗೆಯಲ್ಲಿ ಕೊಳವೆಬಾವಿಯ ಎರಡು ಇಂಚು ನೀರು ಉಳಿಸಿಕೊಂಡವನಿಗೆ ಹತ್ತು ಗುಂಟೆ ಕೊತ್ತಂಬರಿ ಒಂದು ಎಕರೆ ಉಳ್ಳಾಗಡ್ಡಿಗಿಂತ ಹೆಚ್ಚು ಕೊಟ್ಟದ್ದನ್ನು ನಾನೇ ಪಟ್ಟಿಯಲ್ಲಿ ಬರೆದಿದ್ದೇನೆ. ಮೆಂತ್ಯೆ ಒಂದು ತಿಂಗಳ ಬೆಳೆ, ಕೊತ್ತಂಬರಿ ನಲವತ್ತು ದಿನದ್ದು. ಒಂದೇ ಸಲ ಬಿತ್ತದೆ ವಾರಕ್ಕೊಂದು ಮಡಿಯಂತೆ ಬಿತ್ತಿದರೆ ಒಂದು ದಿನದ ಕುಸಿತ ಎಲ್ಲವನ್ನೂ ನುಂಗುವುದಿಲ್ಲ.

ಹಬ್ಬಕ್ಕೆ ಸರಿಯಾಗಿ ಮಾಲು ತಂದರೆ ಲಾಭವೇ?

ಹಬ್ಬಕ್ಕೆ ತರಬೇಡಿ, ಹಬ್ಬದ ಹಿಂದಿನ ದಿನಕ್ಕೆ ತನ್ನಿ. ಸಂಕ್ರಾಂತಿಯ ಹಿಂದಿನ ಭೋಗಿಯನ್ನೇ ನೋಡಿ. ಆ ದಿನ ಗಡಿಯ ಎರಡೂ ಕಡೆ ಮನೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮತ್ತು ಭೋಗಿ ಪಲ್ಯ. ಆ ಪಲ್ಯಕ್ಕೆ ಬದನೆ, ಗಜ್ಜರಿ, ಅವರೆ, ಬಟಾಣಿ, ಹಸಿ ಕಡಲೆ, ಚಾಕವತ ಸೊಪ್ಪು ಎಲ್ಲವೂ ಸ್ವಲ್ಪ ಸ್ವಲ್ಪ ಬೇಕು. ಹಾಗಾಗಿ ಭೋಗಿಯ ಹಿಂದಿನ ಬೆಳಗಿನ ಜಾವ ಅವರೆಕಾಯಿ ತಂದವನ ಮುಖ ನೋಡಬೇಕು! ಅದೇ ಅವರೆ ಎರಡು ದಿನ ತಡವಾದರೆ ಸಿದ್ಧೇಶ್ವರ ಜಾತ್ರೆಯ ಗದ್ದಲ, ನಂದಿಧ್ವಜದ ಮೆರವಣಿಗೆ, ಅರ್ಧ ಊರು ಅಲ್ಲಿ, ಕೊಳ್ಳುವವರಿಲ್ಲ.

ಎಳ್ಳಮಾವಾಸ್ಯೆಯ ದಿನ ಎಲ್ಲರೂ ಹೊಲದಲ್ಲಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲುತ್ತಿರುತ್ತಾರೆ, ಕೊಯ್ಯುವವರಿಲ್ಲ. ಮರುದಿನ ಆವಕ (ಪೇಟೆಗೆ ಬರುವ ಮಾಲು) ಕಡಿಮೆ, ಅದರ ಮರುದಿನ ಎರಡು ಪಟ್ಟು. ರಜೆ ಮುಗಿದು ಪೇಟೆ ತೆರೆದ ಮೊದಲ ದಿನಕ್ಕೂ ಇದೇ ಮಾತು: ಎಲ್ಲರೂ ಅಂದೇ ತರುತ್ತಾರೆ.

ಶ್ರಾವಣದಲ್ಲಿ ಮಾಂಸ ಬಿಟ್ಟವರಿಂದ ತರಕಾರಿ ಏರುತ್ತದೆ, ಉಳ್ಳಾಗಡ್ಡಿ ಬೆಳ್ಳುಳ್ಳಿ ಬಿಡುವ ಮನೆಗಳೂ ಇವೆ. ಆಷಾಢ ಏಕಾದಶಿಗೆ ಪಂಢರಪುರದ ಕಡೆ ಗೆಣಸಿಗೆ ಬೇಡಿಕೆ. ರಂಜಾನ್ ತಿಂಗಳಲ್ಲಿ ಕಲ್ಲಂಗಡಿ, ಕರಬೂಜ, ಪಪ್ಪಾಯಿ. ಆದರೆ ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕಲ್ಲಂಗಡಿ 65ರಿಂದ 75 ದಿನದ ಬೆಳೆ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಕ್ಕೆ ಎಣಿಸಿ ಬಿತ್ತಬೇಕೇ ಹೊರತು ಹೋದ ವರ್ಷದ ತಾರೀಖಿಗಲ್ಲ.

ದಾಳಿಂಬೆ ವರ್ಷವಿಡೀ ಬರುತ್ತದಲ್ಲ, ಯಾವ ಬಹಾರ ಒಳ್ಳೆಯದು?

ಬಹಾರ ಎಂದರೆ ಗಿಡ ಹೂ ಬಿಡುವ ಹಂಗಾಮು. ಮೂರು ಬಹಾರಗಳಿವೆ. ಮಾವು ಹೂ ಬಿಡುವ ಜನವರಿ-ಫೆಬ್ರುವರಿಯದು ಅಂಬೆ ಬಹಾರ, ಹಣ್ಣು ಜುಲೈ-ಆಗಸ್ಟ್‌ಗೆ. ಮೃಗಶಿರ ಮಳೆಯದು ಮೃಗ ಬಹಾರ. ಹಣ್ಣು ನವೆಂಬರ್‌ನಿಂದ ಜನವರಿಗೆ. ಹಸ್ತ ಮಳೆಯದು ಹಸ್ತ ಬಹಾರ. ಹಣ್ಣು ಫೆಬ್ರುವರಿಯಿಂದ ಏಪ್ರಿಲ್‌ಗೆ. ಹೂವಿನಿಂದ ಹಣ್ಣಿಗೆ ಐದೂವರೆ ಆರು ತಿಂಗಳು. ಬೇಸಿಗೆಯಲ್ಲಿ ನೀರಿಲ್ಲದವನಿಗೆ ಮೃಗ ಬಹಾರ ಸುಲಭ, ಆದರೆ ಮಳೆಯಲ್ಲಿ ಹಣ್ಣಿನ ಮೇಲೆ ಎಣ್ಣೆಯಂಥ ಕಲೆ ಬೀಳುವ ತೇಲ್ಯಾ ರೋಗ ಹೆಚ್ಚು. ಹಸ್ತ ಬಹಾರಕ್ಕೆ ಗಿಡವನ್ನು ಒಣಗಿಸಿ ವಿಶ್ರಾಂತಿ ಕೊಡಬೇಕು. ಆ ಹೊತ್ತಿಗೆ ಮಳೆ ಬಂದರೆ ಕೆಟ್ಟಿತು. ಅದು ಗೆದ್ದರೆ ಮಾತ್ರ ಪೇಟೆಯಲ್ಲಿ ಎದುರಾಳಿಗಳು ಕಡಿಮೆ, ಬೆಲೆ ಚೆನ್ನ. ಸೊಲ್ಲಾಪುರ ದಾಳಿಂಬೆಗೆ ಭೌಗೋಳಿಕ ಸೂಚಿ ಇದೆ, ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವೂ ಇಲ್ಲೇ ಕೇಗಾಂವದಲ್ಲಿದೆ. ರೋಗದ ಪ್ರಶ್ನೆಯನ್ನು ಅಲ್ಲಿ ಕೇಳಿ. ಔಷಧ ಅಂಗಡಿಯವನು ಹೇಳುವುದು ಅವನ ಹತ್ತಿರ ಉಳಿದಿರುವ ಔಷಧವನ್ನು.

ದ್ರಾಕ್ಷಿ, ಬಾರೆ (ಎಲಚಿ), ಸೀತಾಫಲ?

ದ್ರಾಕ್ಷಿ ಜನವರಿಯಿಂದ ಏಪ್ರಿಲ್. ಅಕ್ಟೋಬರ್ ಛಾಟಣಿ (ಬಳ್ಳಿ ಸವರುವುದು) ಬೇಗ ಮಾಡಿದವರಿಗೆ ಮೊದಲ ಬೆಲೆ, ಮಳೆಯ ಹೆದರಿಕೆಯೂ ಅವರಿಗೇ. ಮಾರ್ಚ್‌ನಲ್ಲಿ ಎಲ್ಲರದೂ ಬಂದಾಗ ತಾಸಗಾಂವ, ಪಂಢರಪುರ, ಜತ್ತದ ಕಡೆಯವರು ಒಣದ್ರಾಕ್ಷಿಗೆ ತಿರುಗುತ್ತಾರೆ. ಸೋನಾಕಾ ತಳಿ ನಮ್ಮ ಉತ್ತರ ಸೊಲ್ಲಾಪುರದ ನಾನ್ನಜದ ನಾನಾಸಾಹೇಬ ಕಾಳೆ ಅವರ ತೋಟದ್ದು ಎಂಬುದು ಇಲ್ಲಿನವರಿಗೇ ಮರೆತಿದೆ. ಬಾರೆ ಹಣ್ಣು ನವೆಂಬರ್‌ನಿಂದ ಫೆಬ್ರುವರಿ. ಸೀತಾಫಲ ಸೆಪ್ಟೆಂಬರ್‌ನಿಂದ ನವೆಂಬರ್.

ಲಿಂಬೆ ಮತ್ತು ನುಗ್ಗೆ ಬೆಲೆ ಇಷ್ಟೊಂದು ಏಕೆ ಕುಣಿಯುತ್ತದೆ?

ಬೇಕಾದಾಗ ಗಿಡ ಕೊಡುವುದಿಲ್ಲ, ಕೊಟ್ಟಾಗ ಯಾರಿಗೂ ಬೇಡ. ಲಿಂಬೆ ಮಳೆಗಾಲದಲ್ಲಿ ಹೇರಳ. ಮಾರ್ಚ್‌ನಿಂದ ಮೇವರೆಗೆ ಶರಬತ್ತಿನ ಕಾಲದಲ್ಲಿ ಕೊರತೆ. ಲಿಂಬೆಯನ್ನೇ ನಂಬಿದ ಇಂಡಿಯವರಿಗೆ ಇದನ್ನು ಹೇಳಬೇಕಿಲ್ಲ. ನುಗ್ಗೆ ಇದಕ್ಕೆ ತಿರುವುಮುರುವು: ಚಳಿಗೆ ಹೂ ನಿಲ್ಲದೆ ಡಿಸೆಂಬರ್‌-ಜನವರಿಯಲ್ಲಿ ಮುಗಿಲು ಮುಟ್ಟುತ್ತದೆ, ಮಾರ್ಚ್ ದಾಟಿದರೆ ಕಟ್ಟು ಕಟ್ಟಾಗಿ ಬಿದ್ದಿರುತ್ತದೆ.

ಈ ವರ್ಷ ಟೊಮ್ಯಾಟೊಗೆ ಬಂಪರ್ ಬೆಲೆ. ನಾನೂ ಹಾಕಲೇ?

2023ರ ಜುಲೈನಲ್ಲಿ ಕಿಲೋಗೆ ನೂರು ದಾಟಿದಾಗ ನನ್ನ ಅಣ್ಣನೂ ಇದನ್ನೇ ಕೇಳಿದ. ನಾನು ಬೇಡ ಎಂದೆ. ಪಟ್ಟಿ ಬರೆಯುವವನಿಗೆ ಹೊಲದ ವಿಷಯ ಏನು ಗೊತ್ತು ಎಂದು ನಗುತ್ತ ಒಂದು ಎಕರೆಗೆ ಸಸಿ ನಾಟಿಸಿದ, ಕೋಲು ತಂತಿ ಎಲ್ಲ ಸಾಲ. ಮೊದಲ ಕೊಯಿಲು ಬಂದದ್ದು ಸೆಪ್ಟೆಂಬರ್ ಕೊನೆಗೆ. ಜುಲೈನಲ್ಲಿ ನಾಟಿದವರೆಲ್ಲರ ಕೊಯಿಲೂ ಆಗಲೇ. ಕ್ರೇಟ್ ತುಂಬಿದ ಕೂಲಿ ಹುಟ್ಟಲಿಲ್ಲ. ಮೂರನೆಯ ಸಲಕ್ಕೆ ಅವನು ಹಣ್ಣನ್ನು ಪೇಟೆಗೆ ಕಳುಹಿಸದೆ ಎಮ್ಮೆಗೆ ಹಾಕಿದ. ಅತ್ತಿಗೆ ಮಾತ್ರ ಒಂದು ವರ್ಷಕ್ಕಾಗುವಷ್ಟು ಟೊಮ್ಯಾಟೊ ಚಟ್ನಿ ಮಾಡಿಟ್ಟರು, ಅದು ಚೆನ್ನಾಗಿತ್ತು. ಇಂದಿನ ಬೆಲೆ ನೋಡಿ ನಾಟುವವನು ಎರಡೂವರೆ ತಿಂಗಳ ನಂತರದ ಪೇಟೆಗೆ ನಾಟುತ್ತಾನೆ. ಸಸಿ ನರ್ಸರಿಯಲ್ಲಿ ಎಷ್ಟು ಜನ ಸರದಿ ನಿಂತಿದ್ದಾರೆ ಎಂದು ಎಣಿಸಿ. ಮುಂದಿನ ಧಾರಣೆ ಅಲ್ಲಿಯೇ ಕಾಣುತ್ತದೆ.

ಹೊರಡುವ ಮೊದಲು ಧಾರಣೆ ಎಲ್ಲಿ ನೋಡಲಿ?

ಮಹಾರಾಷ್ಟ್ರ ರಾಜ್ಯ ಕೃಷಿ ಪಣನ ಮಂಡಳಿಯ ಜಾಲತಾಣದಲ್ಲಿ ಮತ್ತು ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲಿ. ಆವಕವನ್ನೂ ನೋಡಿ, ದರವನ್ನಷ್ಟೇ ಅಲ್ಲ. ಮೂರು ದಿನದಿಂದ ಆವಕ ಏರುತ್ತಿದ್ದು ದರ ನಿಂತಲ್ಲೇ ಇದ್ದರೆ ಖರೀದಿ ಗಟ್ಟಿಯಿದೆ ಎಂದರ್ಥ. ಆವಕ ಏರಿ ದರ ಜಾರುತ್ತಿದ್ದರೆ, ತಡೆಯುವ ಮಾಲಾಗಿದ್ದರೆ ಎರಡು ದಿನ ತಡೆಯಿರಿ. ಗಡಿಯಾಚೆಯವರು ವಿಜಯಪುರ, ಕಲಬುರಗಿಯ ಧಾರಣೆಯನ್ನೂ ಹೋಲಿಸಿ. ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚೆಂದು ಸೊಲ್ಲಾಪುರಕ್ಕೆ ಬಂದು ಅದನ್ನು ಡೀಸೆಲ್ಲಿಗೆ ಕೊಟ್ಟು ಹೋದವರು ಬಹಳ.

ಮನೆಗೆ, ಮದುವೆಗೆ ಸಗಟಿನಲ್ಲಿ ಕೊಳ್ಳಬಹುದೇ?

ಧಾರಾಳವಾಗಿ. ಚೀಲದ ಲೆಕ್ಕದಲ್ಲಿ ಕೊಳ್ಳಬೇಕಷ್ಟೆ, ಚೌಕಾಸಿಗೆ ಸಮಯವಿಲ್ಲ. ವರ್ಷದ ಉಳ್ಳಾಗಡ್ಡಿ ತುಂಬಿಡುವವರು ಜನವರಿಯ ಅಗ್ಗಕ್ಕೆ ಮರುಳಾಗದೆ ಏಪ್ರಿಲ್‌-ಮೇನ ಬೇಸಿಗೆ ಗಡ್ಡೆಯನ್ನೇ ಒಯ್ಯಿರಿ. ಡಿಸೆಂಬರ್‌-ಜನವರಿಯಲ್ಲಿ ಬಂದರೆ ಹಸಿ ಕಡಲೆ ಮತ್ತು ಸೀತನಿ ಬಿಟ್ಟು ಹೋಗಬೇಡಿ. ಜೋಳದ ಹಾಲುತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಶೇಂಗಾ ಚಟ್ನಿಯ ಜೊತೆ ತಿನ್ನುವ ಸುಖಕ್ಕೆ ಧಾರಣೆ ಹಲಗೆಯಲ್ಲಿ ಜಾಗವಿಲ್ಲ.

ಮರಾಠಿ ಬರದಿದ್ದರೆ ತೊಂದರೆಯೇ?

ಇಲ್ಲ. ಹಮಾಲರಲ್ಲಿ, ಅಡತಿಯವರಲ್ಲಿ ಕನ್ನಡ ಬಲ್ಲವರು ಸಾಕಷ್ಟಿದ್ದಾರೆ. ತೂಕದ ಕಾಟಾ ಹತ್ತಿರ ನಿಂತು "ಅಣ್ಣಾ, ಎಷ್ಟಾಯಿತು?" ಎಂದು ಕನ್ನಡದಲ್ಲಿಯೇ ಜೋರಾಗಿ ಕೇಳಿ. ತೂಗುವವನು ಮತ್ತೊಮ್ಮೆ ಕಾಟಾ ನೋಡಿಯೇ ಹೇಳುತ್ತಾನೆ.